ಮೊದಲು ಅವಳದ್ದು

“ನಂಗೆ ಎಂಥಕೆ ಬೇಕಿತ್ತ್ ಇದ್?”

ಕೇಳಿದ್ದು ಪೂವಯ್ಯ, ಕೇಳಿಸಿಕೊಳ್ಳಲು ಕಣದಲ್ಲಿ ಒಣಗುತ್ತಿದ್ದ ಕಾಫಿ ಬಿಟ್ಟರೆ ಯಾರೂ ಇರಲಿಲ್ಲ. ಬೆಳಿಗ್ಗೆಯಿಂದ ಇದು ನಾಲ್ಕನೆಯ ಸಲ ಅವನು ಮರದ ಗೋರೆ ಎಳೆದು ಕಾಫಿ ತಿರುವುತ್ತಿರುವುದು. ಒಂದು ಸಲ ಸಾಕಾಗುವ ಕೆಲಸ. ಆದರೆ ಒಳಗೆ ಹೋದರೆ ದೇವರ ಕೋಣೆಯ ಕಪಾಟು ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಮುತ್ತಮ್ಮನ ಪಾಸ್‌ಬುಕ್ಕಿದೆ.

ಮುತ್ತಮ್ಮ ಬೇಲಿಯಾಚೆಯ ಅರ್ಧ ಎಕರೆಯವಳು. ಹಾಸನದ ಕಡೆಯಿಂದ ಬಂದು ನೆಲೆ ನಿಂತ ಮನೆತನ. ಅಕ್ಷರ ಬಾರದು, ಬಸ್ಸಿನ ನಂಬರು ನೋಡುವಷ್ಟು ಅಂಕಿ ಬರುತ್ತದೆ. ತನ್ನ ಮನೆ ಸೋರುತ್ತದೆಂದು ಪಾಸ್‌ಬುಕ್ಕನ್ನೂ ಎಟಿಎಂ ಕಾರ್ಡನ್ನೂ ಏಳು ವರ್ಷದಿಂದ ಪೂವಯ್ಯನ ಹತ್ತಿರವೇ ಬಿಟ್ಟಿದ್ದಳು. ಅವನು ಅವನ್ನು ತನ್ನ ಪಾರಾಯಣದ ಪುಸ್ತಕದ ಜೊತೆ ಅದೇ ಕೆಂಪು ಬಟ್ಟೆಯಲ್ಲಿ ಸುತ್ತಿಡುತ್ತಿದ್ದ. ಶನಿವಾರ ಭಜನಾ ಮಂದಿರದಲ್ಲಿ ಅವನು ರಾಗವಾಗಿ ಪದ್ಯ ಓದಿ ಅರ್ಥ ಹೇಳುವಾಗ ಕಂಬಕ್ಕೊರಗಿ, ಕೈಮುಗಿದು ಕೇಳುವವಳು ಅವಳು. ಭಿಕ್ಷುಕನ ವೇಷ ತೊಟ್ಟು ಕಳ್ಳ ಬಾಗಿಲಿಗೆ ಬರುವ ಭಾಗವನ್ನು ಅವನಷ್ಟು ಚೆನ್ನಾಗಿ ಬಿಡಿಸಿ ಹೇಳುವವರು ಸುಂಟಿಕೊಪ್ಪದ ಆಸುಪಾಸಿನಲ್ಲಿ ಇಲ್ಲ.

ಅವನ ಬಾಗಿಲಿಗೆ ಕಳ್ಳ ಫೋನಿನಲ್ಲಿ ಬಂದ. “ಎಂಥ ಪೂವಯ್ಯಣ್ಣ, ಸೌಖ್ಯನಾ? ಆನೆ ಬಂದ್ ಬಾಳೆ ಎಲ್ಲ ತಿಂದುಟ್ಟಲ್ಲಾ?” ಎಂದ, ಪೂವಯ್ಯನ ಮನೆಮಾತಾದ ಅಚ್ಚ ಅರೆಭಾಷೆಯಲ್ಲಿ. ಅರೆಭಾಷೆ ಆಡುವವನು ಎಲ್ಲೋ ಒಂದು ಕಡೆಯಿಂದ ನಂಟನೇ ಆಗಿರಬೇಕು. ಯಾವ ಮನೆಯವನು ಎಂದು ಕೇಳುವುದನ್ನೂ ಪೂವಯ್ಯ ಮರೆತ. ಆನೆ ಹಾನಿಯ ಪರಿಹಾರ ಮಂಜೂರಾಗಿದೆ, ಕಾರ್ಡಿನ ನಂಬರು ಹೇಳಿದರೆ ಸಂಜೆಯೊಳಗೆ ಖಾತೆಗೆ ಬೀಳುತ್ತದೆ ಎಂದನವನು. ಪೂವಯ್ಯ ಕಪಾಟು ತೆರೆದು ಕೆಂಪು ಬಟ್ಟೆ ಬಿಚ್ಚಿದ. ತನ್ನದೂ ಅವಳದೂ ಎರಡು ಕಾರ್ಡುಗಳಿದ್ದವು. ಒಂದು ಗಳಿಗೆ ಕೈ ತಡೆಯಿತು. ಆಮೇಲೆ ಮುತ್ತಮ್ಮನದ್ದನ್ನು ಎತ್ತಿಕೊಂಡು ಹಿಂದು ಮುಂದು ಇದ್ದದ್ದನ್ನೆಲ್ಲ ಓದಿದ, ಒಂದೊಂದೇ ಅಂಕಿ, ಪದ್ಯ ಓದುವಷ್ಟೇ ಸ್ಪಷ್ಟವಾಗಿ. ಅವಳ ಫೋನ್ ನಂಬರನ್ನೂ ಕೊಟ್ಟ.

“ಪೂವಯ್ಯನವರೇ ಹೇಳಿದ್ದಾರೆ” ಎಂದು ಅವಳಿಗೂ ಫೋನು ಹೋಯಿತು. ಮೆಸೇಜಿನಲ್ಲಿ ಬಂದ ಆರು ಅಂಕಿಗಳನ್ನು ಅವಳು ಓದಿ ಹೇಳಿದಳು. ಇದನ್ನು ಯಾರಿಗೂ ಹೇಳಬೇಡಿ ಎಂದು ಅಂಕಿಗಳ ಪಕ್ಕದಲ್ಲೇ ಇತ್ತು. ಅದು ಅಕ್ಷರದಲ್ಲಿತ್ತು. ಮನೆಗೆ ಹೊಸ ಶೀಟು ಹಾಕಿಸಲು ಮೂರು ಕುಯ್ಲಿನ ಕೂಲಿಯಿಂದ ಕೂಡಿಟ್ಟಿದ್ದು ಅಷ್ಟೂ ಹೋಯಿತು. ಇವತ್ತಿಗೆ ಎಂಟು ದಿನ.

ಗೇಟು ಕಿರುಗುಟ್ಟಿತು. ಮುತ್ತಮ್ಮನೇ.

“ಅಯ್ಯಾ, ಶನಿವಾರ ಓದಕ್ಕೂ ಬರ್ನಿಲ್ವಲ್ಲ? ಜನ ಎಲ್ಲ ಬರೀ ಪ್ರಸಾದದ ಚರುಪು ತಿಂದ್ಕಂಡು ಮನೆಗೋದ್ರು.”

“ಜ್ವರ ಮಾರಾಯ್ತಿ.”

“ಜ್ವರ ಇಟ್ಕಂಡು ಉರಿಬಿಸ್ಲಲ್ಲಿ ಕಾಫಿ ತಿರುವ್ತಾ ಇದ್ದೀರಾ!” ಅವಳು ನಕ್ಕು ಕಣದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಳು. ಚೆದುರಿದ್ದ ನಾಲ್ಕು ಕಾಯಿಗಳನ್ನು ಒಳಕ್ಕೆ ತಳ್ಳಿದಳು. ಅವಳ ಬೆರಳಿಗೆ ಬಳಪದ ಪುಡಿ ಮೆತ್ತಿತ್ತು. ಅಂಗನವಾಡಿಯ ಉಷಾರಾಣಿ ದೊಡ್ಡವರಿಗೂ ಅಕ್ಷರ ಹೇಳಿಕೊಡುತ್ತಿದ್ದಾಳೆಂದು ಪೂವಯ್ಯ ಕೇಳಿದ್ದ.

“ಟೇಸನ್ನಿಗೆ ಹೋಗಿದ್ದೆ,” ಎಂದಳು ಮುತ್ತಮ್ಮ. “ಕಾರ್ಡಿನ ನಂಬ್ರ ಕೊಟ್ಟೋರು ಯಾರು ಅಂತ ಕೇಳುದ್ರು. ಗೊತ್ತಿಲ್ಲ ಅಂದ್ಬುಟ್ಟೆ. ದೊಡ್ಡೋರು ನೀವು, ನಿಮ್ಮನ್ಯಾಕೆ ಅಲ್ಲಿ ನಿಲ್ಲಿಸಾದು?”

ಗೋರೆ ನಿಂತಿತು.

“ನಿಮ್ಗೂ ಟೋಪಿ ಹಾಕವ್ನೆ ಬಡ್ಡಿಮಗ.” ಅವಳ ದನಿ ತಗ್ಗಿತು. “ನಿಮ್ದೆಷ್ಟು ಹೋಯ್ತಯ್ಯಾ?”

ಒಂದು ಸುಳ್ಳು ಸಾಕಿತ್ತು. ಹತ್ತೋ ಇಪ್ಪತ್ತೋ ಸಾವಿರ ಎಂದಿದ್ದರೆ ಇಬ್ಬರೂ ಸೇರಿ ಆ ಕಳ್ಳನಿಗೆ ಹಿಡಿಶಾಪ ಹಾಕಿ, ಕೊನೆಗೆ ಅವಳೇ ಅವನಿಗೆ ಸಮಾಧಾನ ಹೇಳಿ ಹೋಗುತ್ತಿದ್ದಳು. ಆ ಮಾತು ಅವನ ಗಂಟಲವರೆಗೂ ಬಂದಿತ್ತು.

“ನಂದು ಹೋಗ್ಲಿಲ್ಲ. ನಂದು ನಾನು ಕೊಡ್ಲೇ ಇಲ್ಲ,” ಎಂದ ಪೂವಯ್ಯ, ಕಾಫಿಯನ್ನೇ ನೋಡುತ್ತ. “ಎರಡು ಕಾರ್ಡೂ ಕೈಯಲ್ಲೇ ಇತ್ತು. ಮೊದಲು ನಿನ್ನದಕ್ಕೆ ಬರಲಿ, ಬಂದ್ರೆ ಮತ್ತೆ ನಂದು ಕೊಡುವ ಅಂತ…”

ಮುತ್ತಮ್ಮ ಬೈಯಲಿಲ್ಲ. ಬೈದಿದ್ದರೆ ಅವನು ತಲೆ ಎತ್ತುತ್ತಿದ್ದನೋ ಏನೋ. ಅವಳು ಕಾಫಿಯ ಮೇಲಿದ್ದ ಕೈ ತೆಗೆದು ಸೆರಗಿಗೆ ಒರೆಸಿಕೊಂಡು ಎದ್ದಳು.

“ಪಾಸ್‌ಬುಕ್ಕು ಕೊಡಿ.”

“ನಾನು ತುಂಬಿ ಕೊಡ್ತೇನೆ ಮುತ್ತಮ್ಮ. ಈ ಕಾಫಿ ಒಂದು ಹೋಗ್ಲಿ, ಅಷ್ಟನ್ನೂ—”

“ಪಾಸ್‌ಬುಕ್ಕು.”

ಅವನು ಒಳಗೆ ಹೋಗಿ ಕೆಂಪು ಬಟ್ಟೆ ಬಿಚ್ಚಿದ. ಪಾಸ್‌ಬುಕ್ಕಿಗೆ ಕರ್ಪೂರದ ವಾಸನೆ ಹತ್ತಿತ್ತು. ಹೊರಗೆ ತಂದು ಎರಡೂ ಕೈಯಲ್ಲಿ ಕೊಟ್ಟ. ಅವಳು ಅದನ್ನು ಕಾರ್ಡಿನ ಸಮೇತ ಸೆರಗಿನ ತುದಿಗೆ ಕಟ್ಟಿ, ಗಂಟನ್ನು ಒಮ್ಮೆ ಜಗ್ಗಿ ನೋಡಿದಳು.

ಅಷ್ಟರಲ್ಲಿ ಅವಳ ಫೋನು ಟಿಣ್ ಎಂದಿತು. ಮೆಸೇಜು. ಅವಳು ಅದನ್ನು ದೂರಕ್ಕೆ ಹಿಡಿದು ಕಣ್ಣು ಕಿರಿದು ಮಾಡಿದಳು. ತುಟಿ ಅಲುಗಿ ನಿಂತಿತು, ಮತ್ತೆ ಅಲುಗಿತು. ಏಳು ವರ್ಷದ ಅಭ್ಯಾಸ. ಪೂವಯ್ಯನ ಕೈ ತಾನಾಗಿ ಮುಂದೆ ಹೋಯಿತು.

“ಕೊಡು ಇಲ್ಲಿ, ಓದಿ ಹೇಳ್ತೇನೆ.”

ಮುತ್ತಮ್ಮ ಫೋನನ್ನು ಎದೆಗೆ ಒತ್ತಿಕೊಂಡಳು.

“ಬ್ಯಾಡಿ. ಸಂಜೆಗಂಟ ಹಿಡುದ್ರೂ ಹಿಡೀಲಿ, ನಾನೇ ಓದ್ಕತೀನಿ.”