ಅರ್ಧ ಹೊಸೆದ ಎಳೆ

ಶಿವಲೀಲಾ ತಲೆಯೆತ್ತುವಷ್ಟರಲ್ಲಿ ಅವ್ವ ಓಬಮ್ಮ ಬೆರಳಿಗೆ ಎಂಜಲು ಹಚ್ಚಿಕೊಂಡು, ಧೂಳು ತೆಗೆಯಲೆಂದು ಮೇಜಿನ ಮೇಲೆ ಹರಡಿದ್ದ ಹಳೇ ಕಂಬಳಿಯ ಅಂಚಿನಲ್ಲಿ ಬಿಚ್ಚಿಕೊಂಡಿದ್ದ ಎಳೆಯನ್ನು ಹೊಸೆಯತೊಡಗಿದ್ದಳು. ಚಪ್ಪಲಿಯನ್ನು ಮ್ಯೂಸಿಯಂ ಬಾಗಿಲಲ್ಲೇ ಬಿಟ್ಟು ಬಂದಿದ್ದಳು. ಮಗಳಿಗೆ ತಂದ ಬುತ್ತಿಯ ಗಂಟು ಕಂಕುಳಲ್ಲಿತ್ತು.

"ಯಾರಿದು? ಒಳಕ್ಕೆ ಯಾರು ಬಿಟ್ರು?" ಎಂದಳು ಮಡಕಶಿರದ ಹೇಮಶ್ರೀ. ಬೇಸಿಗೆ ರಜೆಯ ಇಂಟರ್ನ್‌ಶಿಪ್ಪಿಗೆಂದು ಇಬ್ಬರೂ ರಾಯದುರ್ಗದ ಈ ಕೋಟೆ ಪಾರ್ಕಿನ ಮ್ಯೂಸಿಯಮ್ಮಿಗೆ ಸೇರಿದ ದಿನವೇ ಮೇಲಿನವರು ಹೇಳಿದ್ದರು, ಕೈಗವಸಿಲ್ಲದೆ ಏನನ್ನೂ ಮುಟ್ಟಬಾರದೆಂದು. ತಾನು ಕುರಿ ಕಾಯುವವರ ಮನೆಯವಳೆಂದು ಶಿವಲೀಲಾ ಮಾತ್ರ ಯಾರಿಗೂ ಹೇಳಿರಲಿಲ್ಲ.

"ಮುಟ್ಟುಕೋಕಂಡಿ ಪೆದ್ದಮ್ಮಾ," ಎಂದುಬಿಟ್ಟಳು ಶಿವಲೀಲಾ. ಹುಟ್ಟಿದಾಗಿನಿಂದ ಅವ್ವನೊಡನೆ ಕನ್ನಡವನ್ನೇ ಆಡಿದ ಬಾಯಿ, ಗುರುತಿಲ್ಲದ ಮುದುಕಿಗೆ ಹೇಳುವಂತೆ, ತೆಲುಗಿನಲ್ಲಿ ಮುಟ್ಟಬೇಡಿ ಎಂದಿತ್ತು. ಓಬಮ್ಮ ಮಗಳ ಮುಖ ನೋಡಿದಳು, ಆಮೇಲೆ ಹೇಮಶ್ರೀಯ ಮುಖ ನೋಡಿದಳು. ಎಳೆಯನ್ನು ಅರ್ಧಕ್ಕೇ ಬಿಟ್ಟು ಬೆರಳನ್ನು ಸೀರೆಗೆ ಒರೆಸಿಕೊಂಡಳು.

"ಯಾರ್ನ ನೋಡಕ್ಕೆ ಬಂದಿದ್ದೀರಮ್ಮ?" ಹೇಮಶ್ರೀ ಕೇಳಿದಳು.

"ಯಾರನ್ನೂ ಇಲ್ರಿ. ಇಲ್ಲಿ ಹಳೇ ಕಂಬಳಿ ಅದಾವ ಅಂದ್ರು, ಸುಮ್ನ ನೋಡಾಕ ಬಂದೆ." ಓಬಮ್ಮ ಶಿವಲೀಲಾಳತ್ತ ತಿರುಗಿ ಕೈಮುಗಿದಳು. "ತಪ್ಪಾತ್ರಿ ಮೇಡಂ."

ಆಮೇಲೆ ಬುತ್ತಿಯ ಗಂಟು ಯಾರಿಗೂ ಕಾಣದಂತೆ ಅದರ ಮೇಲೆ ಸೆರಗು ಎಳೆದುಕೊಂಡು ಹೊರಗೆ ನಡೆದಳು.