ದಡಕ್ಕೆ ಕಟ್ಟಿದ ದೋಣಿ

ಸಂಪಿಗೆ ರಸ್ತೆಯ ಅಂಗಡಿಯಲ್ಲಿ ನೀಲಗಿರಿ ಎಣ್ಣೆಯ ವಾಸನೆ ಬಂದರೆ ಇವತ್ತಿಗೂ ಊಟಿ ಕೆರೆಯ ಆ ಮಧ್ಯಾಹ್ನ ನೆನಪಾಗಿ ಬಾಯಿ ಕಹಿಯಾಗುತ್ತದೆ.

ನನಗಾಗ ಎಂಟೋ ಒಂಬತ್ತೋ ವರ್ಷ. ಬೆಂಗಳೂರು ಬಿಟ್ಟಾಗಿನಿಂದ ನಾನು ಜಪಿಸಿದ್ದು ದೋಣಿಯೊಂದನ್ನೇ. ಅಪ್ಪನಿಗೆ ನೀರೆಂದರೆ ಭಯ. ಅದನ್ನು ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ. ದಡಕ್ಕೆ ಕಟ್ಟಿದ್ದ ದೋಣಿಯಲ್ಲಿ ನನ್ನನ್ನೂ ಅಮ್ಮನನ್ನೂ ಕೂರಿಸಿ, ನನ್ನ ಕೈಗೆ ಲೋಳೆಲೋಳೆಯಾದ ಹುಟ್ಟು ಕೊಟ್ಟು, ತಾವು ದಡದಲ್ಲೇ ನಿಂತು ಕ್ಯಾಮೆರಾ ಎತ್ತಿದರು.

"ಹೋಗೋದೇ ಇಲ್ವಾ ಅಪ್ಪಾ?"

"ಹೋದ್ರೆ ಏನೋ ಸಿಗತ್ತೆ ಅಲ್ಲಿ? ಬರೀ ನೀರು. ಫೋಟೋದಲ್ಲಿ ಎರಡೂ ಒಂದೇ."

"ಹಗ್ಗ ಕಾಣ್ಸತ್ತೆ ರೀ," ಎಂದಳು ಅಮ್ಮ.

"ಸೆರಗಲ್ಲಿ ಮುಚ್ಚೇ."

ಅಮ್ಮ ಮುಚ್ಚಿದಳು. ನಕ್ಕಳೆಂದು ನೆನಪು, ಆ ನಗು ಆಮೇಲೆ ಫೋಟೋದಲ್ಲಿ ಕಂಡದ್ದೂ ಇರಬಹುದು.

ಮಲ್ಲೇಶ್ವರಕ್ಕೆ ಮರಳಿದ ಮೇಲೆ ಅಪ್ಪ ಪಕ್ಕದ ಮನೆಯ ಅಜ್ಜಿಗೆ ಆ ಫೋಟೋ ತೋರಿಸುತ್ತ, "ಒಂದು ಗಂಟೆ ಸುತ್ತಿದ್ವಿ," ಎಂದರು.

ಅಜ್ಜಿ ನನ್ನತ್ತ ತಿರುಗಿದರು. "ಹೆದರ್ಕೊಂಡ್ಯೇನೋ ಪುಟ್ಟಾ?"

ಅಪ್ಪ ನನ್ನನ್ನೇ ನೋಡುತ್ತಿದ್ದರು. ಅಂಥ ಬೇಡುವ ಮುಖವನ್ನು ನಾನು ಅದುವರೆಗೆ ಅವರಲ್ಲಿ ಕಂಡಿರಲಿಲ್ಲ.

"ಇಲ್ಲ ಅಜ್ಜಿ, ನಾನೇ ಹುಟ್ಟು ಹಾಕಿದೆ," ಎಂದೆ.

ಅಪ್ಪ ನನ್ನ ಬೆನ್ನು ತಟ್ಟಿದರು.