ನರ್ಸಮ್ಮನ ಇಂಜಿನ್ನು

"ಈ ಇಂಜಿನ್ನು ಇಳಿಸಿಬಿಡಿ ಸಾಬರೇ," ಎಂದರು ನರ್ಸ್ ದಾಕ್ಷಾಯಣಮ್ಮ, ಜೀಪಿನಿಂದ ಪೂರ್ತಿ ಇಳಿಯುವ ಮೊದಲೇ.

ಶಿರಾದ ಮೆಕ್ಯಾನಿಕ್ ಮುನೀರ್ ಸಾಬರಿಗೆ ಎದೆಗೆ ಒದ್ದಂತಾಯಿತು. ಆ ಡೀಸೆಲ್ ಇಂಜಿನ್ನು ಕೂರಿಸಿ ಇನ್ನೂ ಹನ್ನೊಂದು ದಿನ. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಜೀಪು ಅದು. ದೊಡ್ಡೇರಿಯ ಹೆರಿಗೆ ಕೇಂದ್ರದ ನರ್ಸಮ್ಮನನ್ನು ಹೊತ್ತು ಹದಿನೈದು ವರ್ಷ ಹಳ್ಳಿಹಳ್ಳಿ ಸುತ್ತಿ, ಕೊನೆಗೆ ಅದರ ಇಂಜಿನ್ನು ಸೀಜಾಗಿ ಕೆಟ್ಟು ನಿಂತಿತ್ತು. ಸಾಬರು ಪಲ್ಟಿ ಹೊಡೆದ ವ್ಯಾನೊಂದರ ಡೀಸೆಲ್ ಇಂಜಿನ್ನು ಹುಡುಕಿ ತಂದು, ಚಾಸಿಗೆ ಕಬ್ಬಿಣ ಬೆಸೆದು, ಅಳತೆಗೆ ಬಾರದ್ದನ್ನು ಅಳತೆಗೆ ತಂದು ಕೂರಿಸಿದ್ದರು. ಇಂಥ ಕೆಲಸ ಈ ಸೀಮೆಯಲ್ಲಿ ಯಾರೂ ಮಾಡಿಲ್ಲ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡೂ ಆಗಿತ್ತು.

"ಯಾಕಮ್ಮ, ನಿಂತೋಯ್ತಾ?"

"ನಿಲ್ಲಲಿಲ್ಲ."

"ಏರು ಹತ್ತಲ್ವಾ?"

"ಚೆನ್ನಾಗೇ ಹತ್ತುತ್ತೆ."

ಡ್ರೈವರ್ ಜಯರಾಮಯ್ಯನಿಗೆ ತಡೆಯಲಾಗಲಿಲ್ಲ. "ಹಳ್ಳದಾಗೆ ಇಳಿಸಿದ್ರೂ ಜಗ್ಗಾಕಿಲ್ಲ ಕಣ್ ಸಾಬ್ರೆ, ಅಂಥ ಇಂಜಿನ್ನು! ದಾರಿ ಉದ್ದಕ್ಕೂ ಹೇಳ್ಕಂಡು ಬಂದ್ಬುಟ್ಟೆ, ಅಮ್ಮಾರು ಕಿವಿಗೇ ಹಾಕ್ಕಳಾಕಿಲ್ಲ."

"ಕೊರಟಗೆರೆಯಿಂದ ತಂದಿದ್ದಿರಲ್ಲ, ಆ ಪೆಟ್ರೋಲ್ ಇಂಜಿನ್ನು. ಅದನ್ನ ಹಾಕಿ," ಎಂದರು ದಾಕ್ಷಾಯಣಮ್ಮ.

ಅದು ಶೆಡ್ಡಿನ ಮೂಲೆಯಲ್ಲಿ ಗೋಣಿತಾಟು ಹೊದ್ದು ಬಿದ್ದಿತ್ತು. ಇದೇ ತರಹದ ಇನ್ನೊಂದು ಮಿಲಿಟರಿ ಜೀಪಿನದು. ಆಯಿಲ್ ಕುಡಿಯುತ್ತದೆ, ಹೊಗೆ ಉಗುಳುತ್ತದೆ, ನಾಲ್ಕು ಸಲ ಹ್ಯಾಂಡಲ್ ತಿರುಗಿಸದೆ ಏಳುವುದಿಲ್ಲ. ಎರಡನ್ನೂ ತೋರಿಸಿ ಡೀಸೆಲ್ಲೇ ಸರಿ ಎಂದಿದ್ದವರು ಸಾಬರು, ಹೂಂ ಅಂದಿದ್ದವರು ಇದೇ ನರ್ಸಮ್ಮ.

"ಗುಜರಿಗೆ ಹಾಕೋ ಮಾಲಮ್ಮ ಅದು," ಸಾಬರ ದನಿ ಗಡುಸಾಯಿತು. "ನನ್ನ ಕೆಲಸದಲ್ಲಿ ತಪ್ಪೇನಿದೆ ಹೇಳಿ. ತಪ್ಪಿಲ್ದೆ ಇಳಿಸಲ್ಲ."

ದಾಕ್ಷಾಯಣಮ್ಮ ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕೂತರು. "ಸೋಮವಾರ ಬೆಟ್ಟದ ಕೆಳಗಿನ ಊರಿಗೆ ಹೋಗಿದ್ವಿ. ಇಂಜಿನ್ ಬದಲಾದ ಮೇಲೆ ಅಲ್ಲಿಗೆ ಅದೇ ಮೊದಲು. ಹಿಂದೆಲ್ಲ ಜೀಪಿನ ಸದ್ದು ಕೇಳಿದರೆ ಸಾಕು, ಬಸುರಿಯರು ತಾವೇ ಹೊರಗೆ ಬಂದು ನಿಲ್ಲೋರು. ಅವತ್ತು ಒಂದು ನರಪಿಳ್ಳೆ ಇಲ್ಲ. ಎಲ್ಲ ಮನೆ ಬಾಗಿಲೂ ಹಾಕಿತ್ತು. ಜಯರಾಮಯ್ಯ ಎರಡು ಸಲ ಹಾರನ್ ಹೊಡೆದ. ಸಂತೆಗೆ ಹೋಗಿರಬೇಕು ಅಂದುಕೊಂಡು ನಾನು ಮುಂದಿನ ಊರಿಗೆ ಹೊರಟುಬಿಟ್ಟೆ."

ಜಯರಾಮಯ್ಯ ಮುಖ ಆಚೆ ತಿರುಗಿಸಿದ.

"ಎಲ್ಲರೂ ಒಳಗೇ ಇದ್ದರಂತೆ. ಆ ಊರಿಗೆ ಬರೋ ಡೀಸೆಲ್ ಗಾಡಿ ಅಂದ್ರೆ ಸರ್ಕಾರದ ಲೆವಿ ಲಾರಿ ಒಂದೇ. ರಾಗಿ ಅಳೆಸಿಕೊಂಡು ಹೋಗೋಕೆ ಬಂದರು ಅಂತ ಬಾಗಿಲು ಹಾಕಿಕೊಂಡಿದ್ದಾರೆ. ಅಲ್ಲಿನ ಬಸುರಿ ಚಿಕ್ಕಹನುಮಕ್ಕನಿಗೆ ಬೆಳಗಿನಿಂದ ಹೆರಿಗೆ ನೋವು. ಅವಳು ಮಲಗಿದ್ದ ಕೋಣೆಯಲ್ಲೇ ರಾಗಿ ಬಚ್ಚಿಟ್ಟ ಹಗೇವು. ಕೂಗಿದರೆ ಲೆವಿಯವರು ಒಳಕ್ಕೆ ಬಂದಾರು ಅಂತ ಅತ್ತೆ ಅವಳ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದಳಂತೆ. ನಾನು ಆ ಬಾಗಿಲ ಮುಂದೇನೇ ನಿಂತಿದ್ದೆ ಸಾಬರೇ. ಮಗು ಅಡ್ಡ ತಿರುಗಿತ್ತು. ಉಳಿಯಲಿಲ್ಲ."

ಸಾಬರಿಗೆ ಸಂಕಟವಾಯಿತು. ಆದರೆ ಮಾಡಿದ ಕೆಲಸದ ಮೇಲಿನ ಅಭಿಮಾನ ಅಷ್ಟು ಸುಲಭಕ್ಕೆ ಮನುಷ್ಯನನ್ನು ಬಿಡುವುದಿಲ್ಲ. "ಊರೂರಿಗೆ ಹೇಳಿ ಕಳಿಸಿದ್ರಾಯ್ತಮ್ಮ," ಎಂದರು. "ಎರಡು ತಿಂಗಳಲ್ಲಿ ಈ ಸದ್ದೂ ಅಭ್ಯಾಸ ಆಗುತ್ತೆ."

"ಆ ಎರಡು ತಿಂಗಳಲ್ಲಿ ಹೆರೋರು?"

ಗುಜರಿಯ ಯೋಗ್ಯತೆ ಏನೆಂದು ಕಣ್ಣಾರೆ ನೋಡಿದರೆ ನರ್ಸಮ್ಮ ತಾವೇ ಮನಸ್ಸು ಬದಲಿಸುತ್ತಾರೆ ಎಂದುಕೊಂಡು ಸಾಬರು ಗೋಣಿತಾಟು ಎಳೆದು ಹಾಕಿದರು. ಇಂಜಿನ್ನನ್ನು ಮರದ ದಿಮ್ಮಿಗಳ ಮೇಲೆ ಕೂರಿಸಿ, ಬ್ಯಾಟರಿಗೆ ತಂತಿ ಕೊಟ್ಟು, ಪೆಟ್ರೋಲ್ ಡಬ್ಬಿ ಮೇಲೆ ತೂಗುಹಾಕಿದರು. ಪಕ್ಕದ ಅಂಗಡಿಯವರು ಜಗಳಕ್ಕೆ ಬಾರದಿರಲಿ ಎಂದು ಜೀಪಿನ ಹಳೇ ಸೈಲೆನ್ಸರ್ ಕೊಳವೆಯನ್ನೂ ಸಿಕ್ಕಿಸಿದರು. ಜಯರಾಮಯ್ಯ ಗೊಣಗಿಕೊಂಡೇ ಹ್ಯಾಂಡಲ್ ತಿರುಗಿಸಿದ. ಐದನೇ ಸಲಕ್ಕೆ ಅದು ಎರಡು ಬಾರಿ ಕೆಮ್ಮಿ, ಶೆಡ್ಡಿನ ತುಂಬ ಹೊಗೆ ಎಬ್ಬಿಸಿ, ಹಳೇ ಜೀಪಿನ ಅದೇ ತಾಳ ಹಿಡಿಯಿತು.

"ನೋಡಿದ್ರಾ ಅಮ್ಮ, ಇದರ ಅವತಾರ?" ಎಂದು ಸಾಬರು ಕೂಗಿದರು.

ಅಷ್ಟರಲ್ಲಿ ಶೆಡ್ಡಿನ ಹಿಂಬದಿಯ ಬಾಗಿಲು ತೆರೆಯಿತು. ಅದರಾಚೆಗೆ ಸಾಬರ ಮನೆ. ಗಿರಾಕಿಗಳಿರುವಾಗ ಮನೆಯ ಹೆಂಗಸರು ಆ ಬಾಗಿಲು ತೆಗೆಯುವ ಪದ್ಧತಿಯೇ ಇರಲಿಲ್ಲ. ಮೊದಲ ಹೆರಿಗೆಗೆ ತವರಿಗೆ ಬಂದಿದ್ದ ಮಗಳು ಶರ್ಫುನ್ನೀಸಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ರಿಪೇರಿಗೆಂದು ಶೆಡ್ಡಿಗೆ ಬರುತ್ತಿದ್ದ ಆ ಜೀಪಿನ ಸದ್ದು ಕೇಳಿಕೊಂಡೇ ಬೆಳೆದವಳು ಅವಳು. ಈ ವಾರ ಬಂದು ನೋಡುತ್ತೇನೆ ಎಂದು ನರ್ಸಮ್ಮ ಅವಳಿಗೆ ಮಾತು ಕೊಟ್ಟಿದ್ದರು. ಅವಳ ಹಣೆಯೆಲ್ಲ ಬೆವೆತಿತ್ತು, ತುಟಿ ಕಚ್ಚಿ ಕಚ್ಚಿ ಕೆಂಪಾಗಿತ್ತು.

"ಅಬ್ಬಾ, ನರ್ಸಮ್ಮ ಈಗ ಬಂದ್ರಲ್ಲ?" ಎಂದು ತಂದೆಯನ್ನು ಕೇಳಿದಳು. "ಬೆಳಗಿನಿಂದ ನೋವು. ಅಮ್ಮೀಗೆ ಹೇಳಿದ್ರೆ ಆ ಮುದುಕಿ ಸೂಲಗಿತ್ತೀನ ಕರೆಸ್ತಾರೆ ಅಂತ ಬಾಯಿ ಮುಚ್ಕೊಂಡು ಇವರ ಜೀಪಿಗೇ ಕಾಯ್ತಾ ಇದ್ದೆ."

ನರ್ಸಮ್ಮ ಡೀಸೆಲ್ ಜೀಪಿನಲ್ಲಿ ಬಂದು ಆಗಲೇ ಒಂದು ಗಂಟೆಯಾಗಿತ್ತು.